ಇವತ್ತು ಯಾವ ನೀರು?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಸುತ್ತಮುತ್ತ ಮನೆಗೆ ಮೊದಲ ಅಕ್ವೇರಿಯಂ ತಂದಿರುವ ಎಲ್ಲರಿಗೂ,



ಈ ಪತ್ರ ಓದುತ್ತಿರುವ ಹೊತ್ತಿನಲ್ಲಿ ನಿಮ್ಮ ಮನೆಯ ನಲ್ಲಿಯಲ್ಲಿ ಬರುತ್ತಿರುವುದು ಯಾವ ನೀರು? ಕಾವೇರಿಯೇ, ಬೋರ್‌ವೆಲ್ ನೀರೇ, ಟ್ಯಾಂಕರ್ ನೀರೇ, ಅಥವಾ ಮೂರೂ ಬೆರೆತದ್ದೇ? ಕಳೆದ ಭಾನುವಾರ ಬಂದಿದ್ದೂ ಇದೇ ನೀರೇ? ನಗರದ ಹಳೆಯ ಬಡಾವಣೆಗಳಲ್ಲಿ ಇದೊಂದು ಪ್ರಶ್ನೆಯೇ ಅಲ್ಲ. ನಮ್ಮ ಹೊರವಲಯದಲ್ಲಿ ಮಾತ್ರ ಇದಕ್ಕೆ ಥಟ್ಟನೆ ಉತ್ತರ ಹೇಳಬಲ್ಲವರು ಬಹಳ ಕಡಿಮೆ. ಮನುಷ್ಯರಾದ ನಾವು ಕುಡಿಯಲು ಕ್ಯಾನ್ ತರಿಸಿಕೊಂಡು, ಸ್ನಾನಕ್ಕೆ ಬಂದ ನೀರನ್ನೇ ಸುರಿದುಕೊಂಡು ಹೇಗೋ ನಿಭಾಯಿಸುತ್ತೇವೆ. ಗಾಜಿನ ತೊಟ್ಟಿಯೊಳಗಿನ ಮೀನು ಆ ನೀರಿನಲ್ಲೇ ಉಸಿರಾಡಬೇಕು.

ಪೀಣ್ಯದ ಕಾರ್ಖಾನೆಯೊಂದರ ನೀರು ಶುದ್ಧೀಕರಣ ಘಟಕದಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿದವನು ನಾನು. ಮನೆಯಲ್ಲಿ ಮೀನು ಸಾಕಲು ಶುರು ಮಾಡಿದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಮೀನು ಸತ್ತಾಗ ನೆರೆಹೊರೆಯವರು ಬಾಗಿಲು ತಟ್ಟುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸತ್ತ ಮೀನು. ಹಿಂದೆ ಅಳು ತಡೆದುಕೊಂಡ ಮಗು. ಅವರು ಹೇಳುವ ಮಾತು ಹತ್ತರಲ್ಲಿ ಎಂಟು ಸಲ ಒಂದೇ: "ನಿನ್ನೆ ತಾನೇ ಪೂರ್ತಿ ನೀರು ಚೇಂಜ್ ಮಾಡಿದ್ವಿ ಸಾರ್, ತೊಟ್ಟಿ ಎಷ್ಟು ಕ್ಲೀನಾಗಿತ್ತು ಗೊತ್ತಾ!"

ಅವರ ಮೇಲೆ ಸಿಟ್ಟು ಮಾಡಲು ನನಗೆ ಬಾಯಿಲ್ಲ. ಒಂದು ಗೌರಿ ಹಬ್ಬದ ಹಿಂದಿನ ದಿನ, ನೆಂಟರು ಬರುತ್ತಾರೆಂದು ನಾನೂ ಹೀಗೇ ಮಾಡಿದ್ದೆ. ಮೀನುಗಳನ್ನು ಬಕೆಟ್ಟಿಗೆ ಹಾಕಿ, ತೊಟ್ಟಿಯನ್ನು ಖಾಲಿ ಮಾಡಿ, ಕಲ್ಲು, ಗಾಜು, ಫಿಲ್ಟರ್ ಎಲ್ಲವನ್ನೂ ನಲ್ಲಿಯ ಕೆಳಗೆ ಉಜ್ಜಿ ತೊಳೆದು ಹೊಸ ನೀರು ತುಂಬಿಸಿದೆ. ಹಬ್ಬದ ಲೆಕ್ಕಕ್ಕೆ ಎರಡು ದಿನ ಮೊದಲು ಕಟ್ಟಡದ ಸಂಪ್ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿದ್ದರು. ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಕಾರ್ಖಾನೆಯಲ್ಲಿ ದಿನಕ್ಕೆ ಮೂರು ಸಲ ಕ್ಲೋರಿನ್ ಅಳೆಯುತ್ತಿದ್ದ ಕೈ ಮನೆಯಲ್ಲಿ ಒಮ್ಮೆಯೂ ಅಳೆಯಲಿಲ್ಲ. ಸಂಜೆಯ ಹೊತ್ತಿಗೆ ಹನ್ನೊಂದು ಮೀನುಗಳೂ ಮೇಲೆ ಬಂದು ಬಾಯಿ ಬಾಯಿ ಬಿಡತೊಡಗಿದವು. ರಾತ್ರಿ ಹತ್ತಕ್ಕೆ ಒಂದೂ ಉಳಿದಿರಲಿಲ್ಲ. ಆಗ ಏಳು ವರ್ಷದವಳಾಗಿದ್ದ ಮಗಳು ಅವನ್ನು ದಾಸವಾಳದ ಕುಂಡದಲ್ಲಿ ಹೂಳಿದಳು. ಆ ರಾತ್ರಿ ಅವಳು ಕೇಳಿದ ಪ್ರಶ್ನೆಗೆ ಉತ್ತರವಾಗಿ ಈ ಪತ್ರ ಬರೆಯುತ್ತಿದ್ದೇನೆ ಎಂದುಕೊಳ್ಳಿ: "ಒಳ್ಳೇ ನೀರು ಹಾಕಿದ್ವಲ್ಲಪ್ಪಾ, ಯಾಕೆ ಸತ್ತವು?"

ಮೊದಲು ನಮ್ಮ ನೀರುಗಳ ಪರಿಚಯ ಮಾಡಿಕೊಳ್ಳೋಣ. ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಪಂಪಿನ ಬಲದಿಂದ ಹತ್ತಿ ನಮ್ಮೂರಿಗೆ ಬರುತ್ತದೆ. ಬೆಂಗಳೂರಿಗೆ ಮೊದಲ ಹಂತದ ಕಾವೇರಿ ಬಂದದ್ದು 1974ರಲ್ಲಿ. 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದೇ ರೂಪಿಸಿದ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದು 2024ರ ಅಕ್ಟೋಬರ್ 16ರಂದು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ. ಆ ನಡುವಿನ ವರ್ಷಗಳಲ್ಲಿ ನಮ್ಮ ಬಡಾವಣೆಗಳು ಬದುಕಿದ್ದು ಬೋರ್‌ವೆಲ್ ಮತ್ತು ಟ್ಯಾಂಕರ್ ನೆಚ್ಚಿಕೊಂಡು. ಇವತ್ತಿಗೂ ಎಷ್ಟೋ ಅಪಾರ್ಟ್‌ಮೆಂಟುಗಳ ಸಂಪಿನಲ್ಲಿ ಕಾವೇರಿ ಬಂದು ಬೀಳುವುದು ಬೋರ್ ನೀರಿನ ಮೇಲೆಯೇ.

ಈ ಎರಡು ನೀರುಗಳ ಗುಣ ಬೇರೆ. ಕಾವೇರಿ ಮೆದು ನೀರು. ಆದರೆ ದಾರಿಯಲ್ಲಿ ಕೆಡದಿರಲೆಂದು ಅದಕ್ಕೆ ಕ್ಲೋರಿನ್ ಹಾಕಿರುತ್ತಾರೆ. ಬೋರ್ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇರುವುದಿಲ್ಲ, ಬದಲಿಗೆ ಸುಣ್ಣದಂಶ ತುಂಬಿಕೊಂಡಿರುತ್ತದೆ. ನಲ್ಲಿಯ ಬಾಯಿಗೆ ಕಟ್ಟುವ ಬಿಳಿ ಹೊಪ್ಪಳೆ, ಪಾತ್ರೆಯ ತಳದ ಬಿಳಿ ಕಲೆ, ಸೋಪು ನೊರೆ ಬರದಿರುವುದು ಅದರ ಗುರುತು. ಆಳದಿಂದ ಆಗಷ್ಟೇ ಮೇಲೆ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಟ್ಯಾಂಕರ್ ನೀರು ಯಾವ ಊರಿನ ಯಾವ ಬೋರಿನದೋ, ಡ್ರೈವರನಿಗೂ ದಿನಾ ಒಂದೇ ಜಾಗ ಇರುವುದಿಲ್ಲ. ಮೇಲಿಂದ ಅದಕ್ಕೆ ಬ್ಲೀಚಿಂಗ್ ಹಾಕಿದ್ದರೂ ಹಾಕಿರಬಹುದು. ಹನ್ನೆರಡು ಸಾವಿರ ಲೀಟರಿನ ಒಂದು ಲೋಡ್ ಸಂಪಿಗೆ ಬಿದ್ದರೆ ಒಂದೇ ಮಧ್ಯಾಹ್ನದಲ್ಲಿ ಇಡೀ ಕಟ್ಟಡದ ನೀರಿನ ಗುಣವೇ ಬದಲಾಗುತ್ತದೆ. ನಲ್ಲಿ ಅದೇ, ಬಕೆಟ್ ಅದೇ, ಕಣ್ಣಿಗೆ ಕಾಣುವ ಬಣ್ಣವೂ ಅದೇ. ಮೀನಿಗೆ ಮಾತ್ರ ಅದು ಬೇರೆ ಊರು.

ಇದರ ಜೊತೆಗೆ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಇನ್ನೆರಡು ನೀರುಗಳಿವೆ. ಒಂದು, ಸಾಫ್ಟನರ್ ಯಂತ್ರದಿಂದ ಬಂದದ್ದು. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೀರಿಕೊಂಡು ಅದರ ಜಾಗದಲ್ಲಿ ಸೋಡಿಯಂ ಬಿಡುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಆದರೆ ಕರಗಿದ ಲವಣಗಳ ಒಟ್ಟು ಪ್ರಮಾಣ ಇಳಿಯುವುದಿಲ್ಲ. ಕಾವೇರಿಯಂಥ ಮೆದು ನೀರು ಸಿಕ್ಕಿತೆಂದು ಅದನ್ನು ನಂಬಬೇಡಿ. ಎರಡನೆಯದು ಕಟ್ಟಡದ ಕೊಳಚೆಯನ್ನು ಶುದ್ಧೀಕರಿಸಿ ಟಾಯ್ಲೆಟ್ ಫ್ಲಶ್‌ಗೆ, ಗಿಡಗಳಿಗೆ ಹರಿಸುವ ನೀರು. ಅದಕ್ಕೆ ಪ್ರತ್ಯೇಕ ಪೈಪ್ ಇರುತ್ತದೆ. ಬಾಲ್ಕನಿಯ ಅಥವಾ ತೋಟದ ನಲ್ಲಿ ಯಾವ ಪೈಪಿನದು ಎಂದು ತಿಳಿಯದೆ ಅಲ್ಲಿಂದ ತೊಟ್ಟಿ ತುಂಬಿಸಬೇಡಿ. ಆರ್‌ಒ ನೀರು ಶುದ್ಧವಲ್ಲವೇ ಎಂದು ಕೆಲವರು ಕೇಳುತ್ತಾರೆ. ಮೀನಿಗೆ ಬೇಕಾದ ಲವಣಗಳೂ ಅದರಲ್ಲಿ ಹೋಗಿಬಿಟ್ಟಿರುತ್ತವೆ. ಗಡಸು ನೀರನ್ನು ಮೆದುಗೊಳಿಸಲು ಸ್ವಲ್ಪ ಬೆರೆಸಬಹುದು, ಅದೊಂದನ್ನೇ ತುಂಬಿಸಬಾರದು. ಆರ್‌ಒ ಯಂತ್ರ ಹೊರಹಾಕುವ ನೀರಂತೂ ಬೇಡವೇ ಬೇಡ. ತೆಗೆದ ಲವಣವೆಲ್ಲ ಅದರಲ್ಲೇ ಇರುತ್ತದೆ.

ಪೀಣ್ಯದವರಿಗೆ ಪ್ರತ್ಯೇಕವಾಗಿ ಒಂದು ಮಾತು. ನಮ್ಮ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಸೇರಿರುವುದು ಹಳೆಯ, ದಾಖಲಾದ ಸಂಗತಿ. ಪ್ಲೇಟಿಂಗ್ ಘಟಕಗಳ ತ್ಯಾಜ್ಯ ವರ್ಷಗಟ್ಟಲೆ ಮಣ್ಣಿಗೆ ಇಳಿದದ್ದರ ಫಲ ಅದು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಕ್ರೋಮಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ಯಾವ ಬಾಟಲಿಯ ಔಷಧಿಯನ್ನು ನಂಬಿಯೂ ಕಾರ್ಖಾನೆ ಸಾಲಿನ ಬೋರ್ ನೀರನ್ನು ಮೀನಿಗೆ ಹಾಕಬೇಡಿ. ನಾನು ಅಲ್ಲಿ ಇಷ್ಟು ವರ್ಷ ಇದ್ದರೂ ಒಂದು ಚೊಂಬು ಬೋರ್ ನೀರನ್ನೂ ನನ್ನ ತೊಟ್ಟಿಗೆ ಹಾಕಿಲ್ಲ. ಕಾವೇರಿ ಬರುವ ದಿನ ಹಿಡಿದಿಟ್ಟದ್ದನ್ನೇ ಬಳಸಿದ್ದೇನೆ.

ಇನ್ನು ಕ್ಲೋರಿನ್ ವಿಷಯ. ಕುಡಿಯುವ ನೀರು ಮನೆಯ ನಲ್ಲಿ ತಲುಪಿದಾಗ ಅದರಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ನಮ್ಮ ಮಾನಕ. ನಮ್ಮ ಹೊಟ್ಟೆಗೆ ಅದು ರಕ್ಷಣೆ. ಮೀನಿನ ಕಿವಿರಿಗೆ ಅದರ ಹತ್ತನೇ ಒಂದು ಭಾಗವೂ ಅಪಾಯ. ನಮ್ಮ ಶ್ವಾಸಕೋಶ ಎದೆಗೂಡಿನೊಳಗೆ ಭದ್ರವಾಗಿದೆ. ಮೀನಿನ ಕಿವಿರು ಕಾಗದಕ್ಕಿಂತ ತೆಳ್ಳಗಿನ ಪದರಗಳಾಗಿ ನೇರ ನೀರಿಗೇ ತೆರೆದುಕೊಂಡಿದೆ. ಕ್ಲೋರಿನ್ ಆ ಪದರವನ್ನು ಸುಡುತ್ತದೆ. ನೀರಿನಲ್ಲಿ ಬೇಕಾದಷ್ಟು ಆಮ್ಲಜನಕವಿದ್ದರೂ ಮೀನು ಅದನ್ನು ಎಳೆದುಕೊಳ್ಳಲಾರದೆ ಮೇಲೆ ಬಂದು ಬಾಯಿ ಬಿಡುತ್ತದೆ. ಮಗಳ ಪ್ರಶ್ನೆಗೆ ಅರ್ಧ ಉತ್ತರ ಇದು.

ಹಳೆಯ ಉಪಾಯ ನೀರನ್ನು ಹಿಡಿದಿಡುವುದು. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ಬಿಡಿ ಕ್ಲೋರಿನ್ ಹಾರಿಹೋಗುತ್ತದೆ. ಏರ್ ಪಂಪಿನ ಗುಳ್ಳೆ ಬಿಟ್ಟರೆ ಇನ್ನೂ ಬೇಗ. ಬೋರ್ ನೀರಿಗೂ ಈ ವಿಶ್ರಾಂತಿ ಬೇಕು. ಆಮ್ಲಜನಕ ಸೇರಿ, ಇಂಗಾಲದ ಡೈಆಕ್ಸೈಡ್ ಹೊರಟ ಮೇಲೆಯೇ ಅದರ ಪಿಎಚ್ ತನ್ನ ನಿಜವಾದ ಮಟ್ಟಕ್ಕೆ ಬರುವುದು. ಬಕೆಟ್ ಮೇಲೆ ತೆಳುವಾದ ಬಟ್ಟೆ ಕಟ್ಟಿ. ಡೆಂಗಿ ಹರಡುವ ಸೊಳ್ಳೆಗೆ ನಮ್ಮ ಊರಿನಲ್ಲಿ ಇಂಥ ತಿಳಿನೀರೇ ತವರು. ವಾರಗಟ್ಟಲೆ ನೀರು ನಿಲ್ಲಿಸುವುದು ಬೇಡ.

ಆದರೆ ಹಿಡಿದಿಡುವುದೊಂದೇ ಎಲ್ಲ ಸಲ ಸಾಲದು. ಕೊಳಚೆ ಬೆರೆತ ಬೋರ್ ನೀರಿನಲ್ಲಿ ಅಮೋನಿಯಾ ಇರುತ್ತದೆ. ಅಂಥ ನೀರಿಗೆ ಬ್ಲೀಚಿಂಗ್ ಬಿದ್ದರೆ ಎರಡೂ ಕೂಡಿ ಕ್ಲೋರಮಿನ್ ಆಗುತ್ತದೆ. ಅದು ಒಂದು ದಿನ ಇಟ್ಟರೂ ಹಾರಿಹೋಗುವುದಿಲ್ಲ. ಅದಕ್ಕೇ ಔಷಧಿ ಬೇಕು. ಅಂಗಡಿಯವರು ಆಂಟಿ ಕ್ಲೋರಿನ್ ಎಂದು ಕೊಡುವ ಬಿಳಿ ಹರಳು ಬಹುತೇಕ ಸೋಡಿಯಂ ಥಯೋಸಲ್ಫೇಟ್, ಹಳೆಯ ಫೋಟೋ ಸ್ಟುಡಿಯೋಗಳ ಹೈಪೋ. ಹತ್ತು ಗ್ರಾಂ ಹರಳನ್ನು ಒಂದು ಲೀಟರ್ ಒಳ್ಳೆಯ ನೀರಿನಲ್ಲಿ ಕರಗಿಸಿ, ಚೀಟಿ ಅಂಟಿಸಿ, ಮಕ್ಕಳ ಕೈಗೆ ಸಿಗದಂತೆ ಕತ್ತಲೆ ಜಾಗದಲ್ಲಿಡಿ. ಹತ್ತು ಲೀಟರಿನ ಬಕೆಟ್ಟಿಗೆ ಅದರಲ್ಲಿ ಹತ್ತು ಮಿಲಿಲೀಟರ್ ಹಾಕಿ ಕಲಕಿದರೆ ನಲ್ಲಿ ನೀರಿನ ಸಾಮಾನ್ಯ ಕ್ಲೋರಿನ್ ನಿಮಿಷಗಳಲ್ಲಿ ಕೊನೆಯಾಗುತ್ತದೆ. ಎರಡು ತಿಂಗಳಿಗೊಮ್ಮೆ ಹೊಸದಾಗಿ ಮಾಡಿಕೊಳ್ಳಿ. ಇದು ಕ್ಲೋರಮಿನ್ನನ್ನೂ ಒಡೆಯುತ್ತದೆ, ಆದರೆ ಒಡೆದಾಗ ಉಳಿಯುವ ಅಮೋನಿಯಾವನ್ನು ಮುಟ್ಟುವುದಿಲ್ಲ. ಟ್ಯಾಂಕರ್ ನಂಬಿ ಬದುಕುವವರು ಅಮೋನಿಯಾವನ್ನೂ ಕಟ್ಟಿಹಾಕುವ ವಾಟರ್ ಕಂಡೀಷನರ್ ಕೊಳ್ಳುವುದು ಮೇಲು. ಬಾಟಲಿಯ ಮೇಲಿನ ಅಳತೆ ಓದುವಾಗ ಒಂದು ಜೋಪಾನ: ಬಕೆಟ್ಟಿನಲ್ಲೇ ಔಷಧಿ ಬೆರೆಸಿದರೆ ಬಕೆಟ್ಟಿನ ಅಳತೆಗೆ ಹಾಕಿ, ನೀರನ್ನು ನೇರ ತೊಟ್ಟಿಗೆ ಬಿಡುವುದಾದರೆ ಇಡೀ ತೊಟ್ಟಿಯ ಅಳತೆಗೆ.

ಸಂಪ್ ತೊಳೆದ ವಾರ ಈ ಲೆಕ್ಕವೂ ಸೋಲಬಹುದು. ಈಜುಕೊಳದವರು, ನೀರಿನ ಘಟಕದವರು ಬಳಸುವ ಒಟಿಒ ಕಿಟ್ ಒಂದು ತಂದಿಟ್ಟುಕೊಳ್ಳಿ. ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಹನಿ ಹಾಕಿದರೆ, ಕ್ಲೋರಿನ್ ಇದ್ದಷ್ಟೂ ಹಳದಿಯಾಗುತ್ತದೆ. ಆ ನೀರನ್ನು ತೊಟ್ಟಿಗೆ ಸುರಿಯಬೇಡಿ, ಕೈ ತೊಳೆದುಕೊಳ್ಳಿ. ಔಷಧಿ ಹಾಕಿದ ಮೇಲೂ ಹಳದಿ ಕಂಡರೆ ಆ ವಾರ ನೀರು ಬದಲಿಸದಿದ್ದರೂ ನಡೆಯುತ್ತದೆ. ಹಳೆ ನೀರಿನಲ್ಲಿ ಇನ್ನೊಂದು ವಾರ ಇದ್ದು ಮೀನು ಸಾಯುವುದು ಅಪರೂಪ.

ಮಗಳ ಪ್ರಶ್ನೆಗೆ ಉಳಿದರ್ಧ ಉತ್ತರ ಬಹಳ ಜನರಿಗೆ ಗೊತ್ತಿಲ್ಲದ್ದು, ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯಾವೇ. ತೊಟ್ಟಿಯ ಕಲ್ಲು, ಗಾಜು, ಫಿಲ್ಟರಿನ ಸ್ಪಂಜಿನ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ. ಮತ್ತೊಂದು ಬಗೆಯವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಮೊದಲೆರಡು ವಿಷ. ಮೂರನೆಯದು ಸ್ವಲ್ಪ ಪ್ರಮಾಣದಲ್ಲಿದ್ದರೆ ತೊಂದರೆಯಿಲ್ಲ, ವಾರಕ್ಕೊಮ್ಮೆ ನೀರು ಬದಲಿಸುವುದು ಮುಖ್ಯವಾಗಿ ಅದನ್ನು ಇಳಿಸಲಿಕ್ಕೆ. ಈ ಬ್ಯಾಕ್ಟೀರಿಯಾಗಳು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ತೊಟ್ಟಿ ತಂದ ಸಂಜೆಯೇ ಇಪ್ಪತ್ತು ಮೀನು ಬಿಟ್ಟವರ ಮನೆಯಲ್ಲಿ ಎರಡನೇ ವಾರ ಸಾವು ಶುರುವಾಗುವುದು ಇದರಿಂದಲೇ.

ಮೊಸರಿಗೆ ಹೆಪ್ಪು ಬೇಕಲ್ಲವೇ, ತೊಟ್ಟಿಗೂ ಹಾಗೆ. ಪಕ್ಕದ ಮನೆಯಿಂದ ಒಂದು ಚಮಚ ಹೆಪ್ಪು ಕೇಳಿ ತರುವಂತೆ, ಆರೋಗ್ಯವಾಗಿ ನಡೆಯುತ್ತಿರುವ ಹಳೆ ತೊಟ್ಟಿ ಇರುವ ಗೆಳೆಯರಿಂದ ಅವರ ಫಿಲ್ಟರಿನ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ತೊಳೆಯದ, ಕಂದು ಕೆಸರು ಹಿಡಿದ ತುಂಡೇ ಬೇಕು. ನಿಮ್ಮ ಫಿಲ್ಟರಿನಲ್ಲಿ ಅದನ್ನಿಟ್ಟರೆ ಕಾಯುವ ದಿನಗಳು ಕಡಿಮೆಯಾಗುತ್ತವೆ. ಆ ಹಬ್ಬದ ದಿನ ನಾನು ನಲ್ಲಿಯ ಕೆಳಗೆ ಉಜ್ಜಿ ತೊಳೆದದ್ದು ಈ ಹೆಪ್ಪನ್ನೇ. ಸ್ಪಂಜು ಕಟ್ಟಿಕೊಂಡು ನೀರು ಹರಿಯದಿದ್ದರೆ, ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲಿ ಒಂದೆರಡು ಸಲ ಹಿಂಡಿ ವಾಪಸ್ಸಿಡಿ, ಅಷ್ಟು ಸಾಕು.

ಗಡಸು ನೀರಿನವರು ಇನ್ನೊಂದು ಸಂಗತಿಗೆ ಕಿವಿಗೊಡಬೇಕು. ಅಮೋನಿಯಾ ಎಷ್ಟು ವಿಷ ಎಂಬುದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿ ಬಿಸಿಯ ನೀರಿನಲ್ಲಿ ಪಿಎಚ್ 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿ ರೂಪದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಪಿಎಚ್ 8 ಆದರೆ ಅದು ನೂರಕ್ಕೆ ಐದನ್ನು ದಾಟುತ್ತದೆ. 9ಕ್ಕೆ ಹೋದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಈಗ ಒಂದು ತೊಟ್ಟಿಯನ್ನು ಯೋಚಿಸಿ. ಆರು ತಿಂಗಳಿಂದ ಕೆಲಸದ ಗಡಿಬಿಡಿಯಲ್ಲಿ ನೀರು ಬದಲಿಸಿಲ್ಲ, ಆವಿಯಾದಷ್ಟನ್ನು ತುಂಬಿಸಿದ್ದು ಬಿಟ್ಟರೆ. ಇಂಥ ತೊಟ್ಟಿಯ ನೀರು ನಿಧಾನವಾಗಿ ಆಮ್ಲೀಯವಾಗುತ್ತ, ಪಿಎಚ್ 6ರ ಹತ್ತಿರ ಇಳಿದಿರಬಹುದು. ಅಲ್ಲಿ ಅಮೋನಿಯಾ ಎಷ್ಟಿದ್ದರೂ ಹಲ್ಲು ಕಿತ್ತ ಹಾವು. ಒಂದು ಶನಿವಾರ ಪಶ್ಚಾತ್ತಾಪಪಟ್ಟು ಮುಕ್ಕಾಲು ನೀರು ಹೊರಹಾಕಿ, ಪಿಎಚ್ 8ರ ಬೋರ್ ನೀರು ತುಂಬಿಸುತ್ತೀರಿ. ಉಳಿದ ಅಮೋನಿಯಾಕ್ಕೆ ಒಂದೇ ಗಂಟೆಯಲ್ಲಿ ಹಲ್ಲು ಬರುತ್ತದೆ. ಆರು ತಿಂಗಳು ಕೊಳಕಿನಲ್ಲಿ ಬದುಕಿದ್ದ ಮೀನು ಶುದ್ಧ ನೀರಿನಲ್ಲಿ ಸಾಯುತ್ತದೆ, ನೀವು ಅಂಗಡಿಯವನನ್ನು ಬೈಯುತ್ತೀರಿ. ಬಹುದಿನ ಬಿಟ್ಟ ತೊಟ್ಟಿಗೆ ದಿನ ಬಿಟ್ಟು ದಿನ ಒಂದೊಂದು ಚಿಕ್ಕ ಬಕೆಟ್ ಬದಲಿಸುತ್ತ ಎರಡು ವಾರದಲ್ಲಿ ದಾರಿಗೆ ತನ್ನಿ.

ನನ್ನ ಭಾನುವಾರದ ಕೆಲಸ ಹೀಗೆ ನಡೆಯುತ್ತದೆ. ನನ್ನದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ. ಲೆಕ್ಕಕ್ಕೆ 56 ಲೀಟರ್, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 45 ಲೀಟರಿನ ಆಸುಪಾಸು. ವಾರಕ್ಕೆ ಬೇಕಾದದ್ದು ಹತ್ತು ಲೀಟರಿನ ಒಂದೇ ಬಕೆಟ್. ಆ ಬಕೆಟ್ಟಿಗೆ ಸೋಪು, ಫಿನಾಯಿಲ್ ಯಾವತ್ತೂ ಸೋಕಿಲ್ಲ, ಅದರ ಮೇಲೆ ಮಗಳೇ ಮೀನಿನ ಚಿತ್ರ ಬರೆದಿದ್ದಾಳೆ. ಶನಿವಾರ ರಾತ್ರಿ ನೀರು ಹಿಡಿದು, ಔಷಧಿ ಬೆರೆಸಿ, ಗುಳ್ಳೆ ಬಿಟ್ಟು ತೊಟ್ಟಿಯ ಪಕ್ಕದಲ್ಲೇ ಇಡುತ್ತೇನೆ. ಬೆಳಗಿನ ಹೊತ್ತಿಗೆ ಬಕೆಟ್ಟಿನ ನೀರು ಕೋಣೆಯ ಗಾಳಿಗೆ ತೊಟ್ಟಿಯ ಬಿಸಿಯ ಹತ್ತಿರ ಬಂದಿರುತ್ತದೆ. ಬೇಸಿಗೆಯ ಮಧ್ಯಾಹ್ನ ತಾರಸಿಯ ಕಪ್ಪು ಟ್ಯಾಂಕಿನಿಂದ ಬರುವ ನೀರು ಕೈ ಸುಡುತ್ತದೆ, ಡಿಸೆಂಬರಿನ ಬೆಳಗ್ಗೆ ಕೈ ಕೊರೆಯುತ್ತದೆ. ಎರಡು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಮೀನಿಗೆ ಆಘಾತ. ಚಳಿಗಾಲದಲ್ಲಿ ತಣ್ಣೀರು ಸುರಿದ ನಾಲ್ಕೈದು ದಿನಕ್ಕೆ ಮೈಮೇಲೆ ಸಕ್ಕರೆ ಚಿಮುಕಿಸಿದಂತೆ ಬಿಳಿ ಚುಕ್ಕೆ ಏಳುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ.

ಬೆಳಗ್ಗೆ ಎದ್ದು ಮೊದಲು ಹೀಟರ್, ಫಿಲ್ಟರಿನ ಸ್ವಿಚ್ ಆರಿಸುತ್ತೇನೆ. ಹೀಟರ್ ಬಿಸಿಯಾಗಿರುವಾಗ ನೀರಿನಿಂದ ಹೊರಬಂದರೆ ಗಾಜು ಸೀಳುತ್ತದೆ, ಒದ್ದೆ ಕೈ ಮತ್ತು ಕರೆಂಟು ಎಂದೂ ಕೂಡಬಾರದು. ಆಮೇಲೆ ಸೈಫನ್ ಪೈಪಿನ ಬಾಯಿಯನ್ನು ಕಲ್ಲಿನ ನಡುವೆ ಊರಿ ತಳದ ಕಸವನ್ನು ಎಳೆಯುತ್ತೇನೆ. ಒಂದು ವಾರ ಎಡಭಾಗ, ಮುಂದಿನ ವಾರ ಬಲಭಾಗ. ಹೊಸ ನೀರನ್ನು ಒಂದೇ ಸಲ ಸುರಿಯುವುದಿಲ್ಲ, ತಟ್ಟೆಯೊಂದನ್ನು ತೇಲಿಬಿಟ್ಟು ಚೊಂಬಿನಿಂದ ಅದರ ಮೇಲೆ ಹಾಕುತ್ತೇನೆ. ಎಲ್ಲ ಸೇರಿ ಇಪ್ಪತ್ತು ನಿಮಿಷ. ಮೀನನ್ನು ತೊಟ್ಟಿಯಿಂದ ಹೊರಗೆ ತೆಗೆಯುವ ಪ್ರಮೇಯವೇ ಇಲ್ಲ.

ಆರ್‌ಒ ರಿಪೇರಿಯವರ ಜೇಬಿನಲ್ಲಿರುವಂಥ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ನಮ್ಮ ಕಡೆಯವರಿಗೆ ನಿಜಕ್ಕೂ ಉಪಯೋಗಿ. ಅದು ಕ್ಲೋರಿನ್, ಅಮೋನಿಯಾ ತೋರಿಸುವುದಿಲ್ಲ. ಆದರೆ ನೀರು ಬದಲಾಗಿದೆ ಎಂದು ತೋರಿಸುತ್ತದೆ. ಪ್ರತಿ ವಾರ ನಲ್ಲಿಯದೊಂದು, ತೊಟ್ಟಿಯದೊಂದು ಅಂಕಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಹೋದ ವಾರ 250 ಇದ್ದ ನಲ್ಲಿ ನೀರು ಈ ವಾರ 800 ತೋರಿಸಿದರೆ ಸಂಪಿಗೆ ಬೇರೆ ನೀರು ಬಿದ್ದಿದೆ. ಆ ವಾರ ಅರ್ಧ ಬಕೆಟ್ ಮಾತ್ರ ಬದಲಿಸಿ, ಮೀನಿಗೆ ಒಗ್ಗಿಕೊಳ್ಳಲು ಸಮಯ ಕೊಡಿ.

ಮೀಟರಿಗಿಂತ ಮೊದಲೇ ಸುದ್ದಿ ಹೇಳಬಲ್ಲವರು ಇನ್ನೊಬ್ಬರಿದ್ದಾರೆ. ವರ್ತೂರು, ಬೆಳ್ಳಂದೂರು ಕೆರೆಗಳ ಕೆಳಗೆ ಗದ್ದೆಗಳಿದ್ದ ಕಾಲದಲ್ಲಿ ಊರೂರಿಗೆ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವವನು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಬಲ್ಲವನು ಅವನೇ. ಇವತ್ತು ನಿಮ್ಮ ಕಟ್ಟಡದ ಮೋಟರ್ ಕೋಣೆಯಲ್ಲಿ ಕುಳಿತಿರುವವರು ಆ ನೀರುಗಂಟಿಯ ಕೆಲಸವನ್ನೇ ಮಾಡುತ್ತಿದ್ದಾರೆ. ಎಷ್ಟು ಲೋಡ್ ಬಂತು, ಕಾವೇರಿ ಯಾವ ದಿನ, ಸಂಪಿಗೆ ಬ್ಲೀಚಿಂಗ್ ಯಾವಾಗ ಬಿತ್ತು ಎಲ್ಲವೂ ಅವರಿಗೆ ಗೊತ್ತು. ನಾನು ಈಗ ಪ್ರತಿ ಶನಿವಾರ ಸಂಜೆ ಕೇಳುತ್ತೇನೆ. "ಎರಡು ಲೋಡ್ ಟ್ಯಾಂಕರ್ ಹಾಕ್ಸಿದೀವಿ ಸಾರ್, ನಾಳೆ ಬಿಡಿ, ನಾಡಿದ್ದು ಕಾವೇರಿ ಬರುತ್ತೆ, ಆಗ ಹಿಡ್ಕೊಳ್ಳಿ" ಎಂದು ಅವರು ಹೇಳಿದ ದಿನ ನನ್ನ ಮೀನುಗಳು ಉಳಿದಿವೆ. ಯಾವ ಟೆಸ್ಟ್ ಕಿಟ್‌ಗಿಂತಲೂ ದೊಡ್ಡ ಉಪಕಾರ ಅದು.

ನೀರಿಗೆ ತಕ್ಕ ಮೀನು ಆರಿಸಿದರೆ ಅರ್ಧ ಚಿಂತೆ ಹೋಗುತ್ತದೆ. ಬೋರ್ ನೀರಿನ ಮನೆಗೆ ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಒಳ್ಳೆಯವು, ಗಡಸು ನೀರು ಅವಕ್ಕೆ ಹಿತ. ಸೊಳ್ಳೆ ಮರಿ ತಿನ್ನಲೆಂದು ನಮ್ಮ ಹಳ್ಳಿಗಳ ಬಾವಿ, ತೊಟ್ಟಿಗಳಿಗೆ ಆರೋಗ್ಯ ಇಲಾಖೆಯವರು ಬಿಟ್ಟ ಗಪ್ಪಿಯೇ ಇದು. ನಿಯಾನ್ ಟೆಟ್ರಾ, ಡಿಸ್ಕಸ್ ಮೆದು ನೀರಿನವು, ಕಾವೇರಿ ಖಾತ್ರಿ ಇಲ್ಲದವರು ತರಬೇಡಿ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಕಾಸರಗೋಡಿನಲ್ಲಿ ಕಡಲು ಸೇರುವ ಚಂದ್ರಗಿರಿ ಹೊಳೆಯ ಕೆಂಪು ಗೆರೆಯ ಸುಂದರಿ, ಅಂಗಡಿಯವರು ಮಿಸ್ ಕೇರಳ ಎನ್ನುವ ಮೀನು, ಹರಿಯುವ ತಂಪು ನೀರಿನದು ಮತ್ತು ಅಳಿವಿನ ಅಂಚಿನಲ್ಲಿರುವುದು. ಮೊದಲ ತೊಟ್ಟಿಗೆ ಅದು ಬೇಡ.

ಪಿಜಿಯಲ್ಲಿ ಮೇಜಿನ ಮೇಲೆ ಗಾಜಿನ ಬಟ್ಟಲಿಟ್ಟು ಫೈಟರ್ ಮೀನು ಸಾಕುವ ತಮ್ಮಂದಿರೇ, ತಂಗಿಯರೇ, ಒಂಟಿತನಕ್ಕೆ ಒಂದು ಜೀವ ಜೊತೆಗಿರಲಿ ಎನ್ನುವ ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ. ಒಂದು ಲೀಟರಿನ ಬಟ್ಟಲಿನಲ್ಲಿ ಅಮೋನಿಯಾ ಎರಡು ದಿನದಲ್ಲಿ ಏರುತ್ತದೆ, ಅದಕ್ಕೇ ನೀವು ಎರಡು ದಿನಕ್ಕೊಮ್ಮೆ ಎಲ್ಲ ನೀರು ಚೆಲ್ಲುತ್ತೀರಿ, ಪ್ರತಿ ಸಲವೂ ಮೀನಿಗೆ ಹೊಸ ಆಘಾತ. ಹದಿನೈದು ಲೀಟರಿನ ಒಂದು ಪ್ಲಾಸ್ಟಿಕ್ ಡಬ್ಬ, ಪುಟ್ಟ ಸ್ಪಂಜ್ ಫಿಲ್ಟರ್ ಸಾಕು, ಮೀನು ವರ್ಷಗಳ ಕಾಲ ನಿಮ್ಮ ಜೊತೆ ಇರುತ್ತದೆ. ದಸರಾಕ್ಕೆ ಊರಿಗೆ ಹೊರಡುವ ದಿನ ನೀರು ಬದಲಿಸಬೇಡಿ, ಏನಾದರೂ ಎಡವಟ್ಟಾದರೆ ನೋಡಲು ನೀವಿರುವುದಿಲ್ಲ. ಎರಡು ದಿನ ಮೊದಲೇ ಮುಗಿಸಿ. ನಾಲ್ಕು ದಿನಕ್ಕಾಗುವಷ್ಟು ತಿಂಡಿ ಒಟ್ಟಿಗೆ ಸುರಿದೂ ಹೋಗಬೇಡಿ. ಬೆಳೆದ ಆರೋಗ್ಯದ ಮೀನು ನಾಲ್ಕು ದಿನ ಉಪವಾಸವಿದ್ದು ಬದುಕುತ್ತದೆ, ಕೊಳೆತ ತಿಂಡಿಯಲ್ಲಿ ಬದುಕುವುದಿಲ್ಲ.

2024ರ ಬೇಸಿಗೆ ನಿಮಗೆಲ್ಲ ನೆನಪಿದೆ. ಮಾರ್ಚ್ ತಿಂಗಳಲ್ಲಿ ಜಲಮಂಡಳಿ ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದಿತು. ಆಗ ಕೆಲವರು ನಾಚಿಕೆಯಿಂದ ತೊಟ್ಟಿಗಳನ್ನೇ ಖಾಲಿ ಮಾಡಿದರು. ಆ ನಾಚಿಕೆ ಬೇಕಿರಲಿಲ್ಲ. ವಾರಕ್ಕೆ ಹತ್ತು ಲೀಟರ್ ಎಂದರೆ ಫ್ಲಶ್ ಒಂದೆರಡು ಸಲ ಒತ್ತಿದಷ್ಟು. ಆ ನೀರೂ ವ್ಯರ್ಥವಲ್ಲ. ನೈಟ್ರೇಟ್ ತುಂಬಿದ ಹಳೆ ನೀರು ಗಿಡಕ್ಕೆ ಗೊಬ್ಬರ. ಉಪ್ಪು ಅಥವಾ ಮೀನಿನ ಔಷಧಿ ಹಾಕಿದ ವಾರ ಬಿಟ್ಟರೆ, ನಮ್ಮ ಮನೆಯ ಆ ದಾಸವಾಳ ಈಗಲೂ ಕುಡಿಯುವುದು ತೊಟ್ಟಿಯ ನೀರನ್ನೇ. ಪೂರ್ತಿ ನೀರು ಬದಲಿಸುವ ಚಟ ಬಿಟ್ಟರೆ ನೀರೂ ಉಳಿಯುತ್ತದೆ, ಮೀನೂ ಉಳಿಯುತ್ತದೆ.

ಸಾಕಲು ಆಗುವುದಿಲ್ಲ ಎನಿಸಿದರೆ ದಯವಿಟ್ಟು ಕೆರೆಗೆ ಬಿಡಬೇಡಿ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದಲ್ಲಿ ಸತ್ತ ಮೀನುಗಳು ರಾಶಿ ಬಿದ್ದದ್ದನ್ನು ನಾನು ಹೋಗಿ ನೋಡಿದ್ದೇನೆ. ಆಮ್ಲಜನಕವಿಲ್ಲದೆ ಬಾಯಿ ತೆರೆದುಕೊಂಡೇ ಸತ್ತಿದ್ದವು. ನಮ್ಮ ಕೆರೆಗಳ ನೀರು ಈಗಾಗಲೇ ಅಷ್ಟು ನೊಂದಿದೆ. ಬದುಕುಳಿದರೆ ನೀವು ಬಿಟ್ಟ ಸಕ್ಕರ್‌ನಂಥ ಹೊರಗಿನ ಮೀನು ನಾಡಿನ ಮೀನುಗಳ ಜಾಗ ತಿನ್ನುತ್ತದೆ. ಅಂಗಡಿಗೆ ಹಿಂದಿರುಗಿಸಿ, ಇಲ್ಲವೇ ತೊಟ್ಟಿ ಇರುವ ಇನ್ನೊಬ್ಬರಿಗೆ ಕೊಡಿ.

ಇಷ್ಟು ಓದಿದ ಮೇಲೆ ಇವತ್ತೇ ಎಲ್ಲವನ್ನೂ ಮಾಡಲು ಹೊರಡಬೇಡಿ. ಸೋಪು ಸೋಕದ ಒಂದು ಬಕೆಟ್ ಹುಡುಕಿ ಅದರ ಮೇಲೆ ಮೀನಿಗೆ ಎಂದು ಬರೆಯಿರಿ. ನಾಳೆ ಬೆಳಗ್ಗೆ ಕೆಲಸಕ್ಕೆ ಇಳಿಯುವಾಗ ಮೋಟರ್ ಕೋಣೆಯ ಮುಂದೆ ಒಂದು ನಿಮಿಷ ನಿಂತು ಕೇಳಿ: "ಅಣ್ಣಾ, ಇವತ್ತು ಯಾವ ನೀರು?"

ಇತಿ ನಿಮ್ಮವ,
ದಾಸರಹಳ್ಳಿಯ ಒಬ್ಬ ಮೀನು ಸಾಕುವವ